ತಡೆದದ್ದು ಬೆಟ್ಟವಲ್ಲ



ನೇಪಾಳ ಎಂದಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಪಶುಪತಿನಾಥ. ಆ ಗುಡಿಯಲ್ಲಿ ಪೂಜೆಗೆ ನಿಲ್ಲುವ ಭಟ್ಟರು ದಕ್ಷಿಣದವರಾಗಿರಬೇಕೆಂಬ ಪದ್ಧತಿ ಹಳೆಯದು. ನಮ್ಮ ಕರಾವಳಿಯ ಮನೆತನದವರು ಅಲ್ಲಿ ಮೂಲಭಟ್ಟರಾಗಿ ಸೇವೆ ಮಾಡಿಕೊಂಡು ಬಂದಿದ್ದಾರೆ. ಪಶುಪತಿ ಆದ ಮೇಲೆ ಮುಕ್ತಿನಾಥ, ಗಂಡಕಿಯ ಸಾಲಿಗ್ರಾಮ, ಆಮೇಲೆ ಹಿಮಾಲಯದ ಶಿಖರಗಳು. ಯಾತ್ರೆಗೆ ಹೋಗಿಬಂದವರ ಮಾತು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆ ದೇಶದ ಮಕ್ಕಳು ಎಲ್ಲಿ ಓದುತ್ತಾರೆ, ಹೇಗೆ ಓದುತ್ತಾರೆ, ಓದಿ ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಅದನ್ನೇ.

ನೇಪಾಳಕ್ಕೆ ಕಡಲಿಲ್ಲ. ಮೂರು ಕಡೆ ಭಾರತ, ಉತ್ತರಕ್ಕೆ ಟಿಬೆಟ್. ದಕ್ಷಿಣದಲ್ಲಿ ತರಾಯಿ ಎಂಬ ಬಯಲುಪಟ್ಟಿ, ನಡುವೆ ಪಹಾಡ್ ಎಂದು ಕರೆಯುವ ಗುಡ್ಡಸಾಲು, ಅದರಾಚೆ ಹಿಮ ಹೊತ್ತ ಪರ್ವತಗಳು. ಒಂದು ಊರಿಂದ ಇನ್ನೊಂದು ಊರು ಕಣ್ಣಿಗೆ ಕಾಣುತ್ತದೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಕಣಿವೆಗೆ ಇಳಿದು, ಹೊಳೆ ದಾಟಿ, ಮತ್ತೆ ಏರಬೇಕು. ಶಾಲೆಗೆ ಹೋಗುವ ಮಗುವಿನ ದಾರಿಯೂ ಇದೇ. ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ಕಾಲುಸಂಕ ಕೊಚ್ಚಿಹೋಗುತ್ತದೆ. ಇದನ್ನೆಲ್ಲ ಕೇಳಿದವರು ಒಂದು ತೀರ್ಮಾನಕ್ಕೆ ಬರುವುದು ಸಹಜ: ಪಾಪ, ಬೆಟ್ಟದ ದೇಶ, ಅದಕ್ಕೇ ವಿದ್ಯೆ ಹಿಂದೆ ಬಿತ್ತು. ನೇಪಾಳದ ಅಧಿಕಾರಿಗಳೂ, ನೆರವು ಕೊಡಲು ಬಂದ ವಿದೇಶೀಯರೂ ಎಷ್ಟೋ ವರ್ಷ ಹೀಗೇ ಬರೆದರು.

ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆ ದೇಶದ ವಿದ್ಯೆಯ ಚರಿತ್ರೆಯನ್ನು ಮೊದಲಿಂದ ನೋಡುತ್ತ ಬಂದರೆ ಬೆಟ್ಟ ಒಡ್ಡಿದ ಅಡ್ಡಿಗಿಂತ ಮನುಷ್ಯ ಒಡ್ಡಿದ ಅಡ್ಡಿ ದೊಡ್ಡದಾಗಿ ಕಾಣುತ್ತದೆ. ಮನುಷ್ಯರು ಆ ಅಡ್ಡಿಯನ್ನು ತೆಗೆದಾಗಲೆಲ್ಲ ಮಕ್ಕಳು ಬೆಟ್ಟ ಹತ್ತಿಕೊಂಡೇ ಶಾಲೆಗೆ ಬಂದಿದ್ದಾರೆ.

ಹತ್ತೊಂಬತ್ತನೇ ಶತಮಾನದ ನಡುವಿಗೆ ಹೋಗೋಣ. ನೇಪಾಳದ ಆಡಳಿತವೆಲ್ಲ ಆಗ ರಾಣಾ ಮನೆತನದ ಕೈಲಿತ್ತು. ರಾಜರು ಹೆಸರಿಗೆ ಮಾತ್ರ. ಪ್ರಧಾನಮಂತ್ರಿಯ ಪಟ್ಟ ರಾಣಾಗಳಲ್ಲೇ ಅಣ್ಣನಿಂದ ತಮ್ಮನಿಗೆ ಹೋಗುತ್ತಿತ್ತು. ಆ ಮನೆತನದ ಮೊದಲಿಗ ಜಂಗಬಹಾದ್ದೂರ್ 1850ರಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಫ್ರಾನ್ಸಿಗೆ ಹೋಗಿಬಂದ. ಬ್ರಿಟಿಷರ ಬಲ ಎಂಥದು, ಅವರ ಜೊತೆ ವ್ಯವಹಾರ ಮಾಡಲು ಇಂಗ್ಲಿಷು ಎಷ್ಟು ಬೇಕು ಎಂಬುದು ಅವನಿಗೆ ಮನವರಿಕೆಯಾಯಿತು. 1854ರ ಸುಮಾರಿಗೆ ಕಾಠ್ಮಂಡುವಿನ ತನ್ನ ಅರಮನೆಯಲ್ಲೇ, ಇಂಗ್ಲಿಷ್ ಮೇಷ್ಟರನ್ನು ಕರೆಸಿ ಶಾಲೆ ತೆರೆದ. ಓದುವವರು ಯಾರು? ರಾಣಾಗಳ ಮಕ್ಕಳು. ದರ್ಬಾರ್ ಹೈಸ್ಕೂಲ್ ಎಂದು ಹೆಸರಾದ ನೇಪಾಳದ ಮೊದಲ ಆಧುನಿಕ ಶಾಲೆ ಇದು. ಮುಂದೆ ಅದು ರಾಣಿಪೋಖರಿ ಕೆರೆಯ ಪಕ್ಕಕ್ಕೆ ಬಂತು. ಹೊರಗಿನ ಕೆಲವು ಮಕ್ಕಳಿಗೂ ಬಾಗಿಲು ತೆರೆಯಿತು. ಆದರೆ ಹಳ್ಳಿಯ ರೈತನ ಮಗ ಅಲ್ಲಿಗೆ ಬರುವ ಮಾತೇ ಇರಲಿಲ್ಲ. ಅವನಿಗೆ ಅಕ್ಷರ ಬೇಕೆಂದರೆ ಊರ ಪುರೋಹಿತರು ಹೇಳಿಕೊಡಬೇಕು, ಬೌದ್ಧರಾದರೆ ಗೊಂಪಾದ ಲಾಮಾಗಳು ಹೇಳಿಕೊಡಬೇಕು, ಇಲ್ಲವೇ ಕಾಶಿಗೆ ನಡೆದು ಹೋಗಬೇಕು.

1901ರಲ್ಲಿ ದೇವ ಶಂಶೇರ್ ಎಂಬ ರಾಣಾ ಪ್ರಧಾನಿಯಾದರು. ಅವರಿಗೆ ಪ್ರಜೆಗಳು ಓದಲಿ ಎಂಬ ಮನಸ್ಸಿತ್ತು. ದೇಶದ ಬೇರೆಬೇರೆ ಕಡೆ ಭಾಷಾ ಪಾಠಶಾಲೆಗಳನ್ನು ತೆರೆಸಿದರು; ನೇಪಾಳಿಯಲ್ಲಿ ಓದು, ಬರಹ, ಲೆಕ್ಕ ಕಲಿಸುವ ಶಾಲೆಗಳವು. ಇವತ್ತಿಗೂ ನಡೆಯುತ್ತಿರುವ ‘ಗೋರ್ಖಾಪತ್ರ’ ಪತ್ರಿಕೆ ಶುರುವಾದದ್ದೂ ಅವರ ಕಾಲದಲ್ಲೇ. ಅವರ ಅಧಿಕಾರ ನಾಲ್ಕು ತಿಂಗಳೂ ತುಂಬಲಿಲ್ಲ. ಸ್ವಂತ ತಮ್ಮಂದಿರೇ ಸೇರಿಕೊಂಡು ಅವರನ್ನು ಇಳಿಸಿದರು. ಪಾಠಶಾಲೆಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಇದರಲ್ಲಿ ಬೆಟ್ಟದ ಪಾತ್ರ ಏನಿದೆ, ನೀವೇ ಹೇಳಿ.

ಅವರ ನಂತರ ಬಂದ ಚಂದ್ರ ಶಂಶೇರ್ ಸ್ವತಃ ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸು ಮಾಡಿದವರು. ಓದಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಓದಿದ ಪ್ರಜೆ ಪ್ರಶ್ನೆ ಕೇಳುತ್ತಾನೆಂಬ ಭಯವೂ ಅಷ್ಟೇ ಇತ್ತು. 1918ರಲ್ಲಿ ಅವರು ತ್ರಿಚಂದ್ರ ಕಾಲೇಜು ತೆರೆದರು. ನೇಪಾಳದ ಮೊದಲ ಕಾಲೇಜು ಅದು. ಪರೀಕ್ಷೆ ಮಾತ್ರ ಮೊದಲು ಕಲ್ಕತ್ತೆಯದು, ಆಮೇಲೆ ಪಾಟ್ನಾದ್ದು. ಅದೇ ಚಂದ್ರ ಶಂಶೇರರ ಆಳ್ವಿಕೆಯಲ್ಲಿ, 1920ರಲ್ಲಿ, ಕೃಷ್ಣಲಾಲ ಅಧಿಕಾರಿ ಎಂಬ ಸರ್ಕಾರಿ ನೌಕರರು ಮೆಕ್ಕೆಜೋಳ ಬೆಳೆಯುವ ಬಗೆ ಹೇಗೆಂದು ಒಂದು ಪುಸ್ತಕ ಬರೆದರು. ಅದರ ಕೆಲವು ಮಾತುಗಳು ತಮ್ಮನ್ನೇ ಕುಟುಕುತ್ತವೆ ಎಂದು ದರ್ಬಾರು ಭಾವಿಸಿತು. ಪ್ರತಿಗಳನ್ನು ಸುಟ್ಟರು. ಬರೆದವರಿಗೆ ಒಂಬತ್ತು ವರ್ಷದ ಸೆರೆಯಾಯಿತು. ಅವರು ಸೆರೆಮನೆಯಲ್ಲೇ ತೀರಿಕೊಂಡರು. ಹತ್ತು ವರ್ಷದ ಬಳಿಕ, 1930ರಲ್ಲಿ, ಕಾಠ್ಮಂಡುವಿನ ಕೆಲವು ವಿದ್ಯಾವಂತ ತರುಣರು ಸಾರ್ವಜನಿಕ ಗ್ರಂಥಾಲಯವೊಂದನ್ನು ತೆರೆಯಲು ಅಪ್ಪಣೆ ಬೇಡಿ ಅರ್ಜಿ ಬರೆಯಲು ಕೂತರು. ಅವರನ್ನೂ ಹಿಡಿದು ದಂಡ ಹಾಕಿದರು. ಮುಂದೆ ನೇಪಾಳದ ಮಹಾಕವಿ ಎನಿಸಿಕೊಂಡ ಲಕ್ಷ್ಮೀಪ್ರಸಾದ ದೇವಕೋಟಾ ಆ ತರುಣರಲ್ಲಿ ಒಬ್ಬರು.

1947ರ ಇನ್ನೊಂದು ಪ್ರಸಂಗವಿದೆ. ಕಾಠ್ಮಂಡುವಿನ ತೀನಧಾರಾ ಸಂಸ್ಕೃತ ಪಾಠಶಾಲೆಯ ಹುಡುಗರು ಬೀದಿಗಿಳಿದರು. ‘ಜಯತು ಸಂಸ್ಕೃತಂ’ ಎಂಬುದೇ ಅವರ ಘೋಷಣೆ. ಆದರೆ ಅವರು ಕೇಳಿದ್ದು ಏನು ಗೊತ್ತೇ? ನಮಗೆ ವ್ಯಾಕರಣ, ಜ್ಯೋತಿಷದ ಜೊತೆಗೆ ಭೂಗೋಳ, ಚರಿತ್ರೆ, ಗಣಿತವನ್ನೂ ಕಲಿಸಿ ಎಂದು. ಸರ್ಕಾರ ಮುಂದಾಳುಗಳನ್ನು ಕಾಠ್ಮಂಡುವಿನಿಂದಲೇ ಹೊರಗೆ ಹಾಕಿತು. ಭೂಗೋಳ ಕಲಿಸಿ ಎಂದು ಕೇಳಿದ ವಿದ್ಯಾರ್ಥಿಗಳನ್ನು ಗಡಿಪಾರು ಮಾಡಿದ ರಾಜ್ಯದಲ್ಲಿ ಅಕ್ಷರ ಏಕೆ ಹರಡಲಿಲ್ಲ ಎಂದು ಹಿಮಾಲಯವನ್ನು ಕೇಳಿ ಪ್ರಯೋಜನವಿಲ್ಲ.

1951ರಲ್ಲಿ ರಾಣಾಶಾಹಿ ಕೊನೆಗೊಂಡಿತು. ಆಗ ಇಡೀ ದೇಶಕ್ಕೆ ಇದ್ದದ್ದು ಮುನ್ನೂರು ಚಿಲ್ಲರೆ ಪ್ರಾಥಮಿಕ ಶಾಲೆ, 11 ಹೈಸ್ಕೂಲು. 1952ರಿಂದ 54ರವರೆಗೆ ನಡೆದ ಜನಗಣತಿಯ ಪ್ರಕಾರ ನೂರರಲ್ಲಿ ಐದು ಜನಕ್ಕೆ ಮಾತ್ರ ಓದುಬರಹ ಬರುತ್ತಿತ್ತು.

ಮುಂದೆ ನಡೆದದ್ದು ನೇಪಾಳದ ಚರಿತ್ರೆಯ ಬಲು ಸುಂದರವಾದ ಅಧ್ಯಾಯ ಎಂದು ನನ್ನ ಭಾವನೆ. ಜನ ಶಾಲೆ ಕಟ್ಟಿದರು. ಯಾರ ಆದೇಶಕ್ಕೂ ಕಾಯಲಿಲ್ಲ. ಊರಿನವರು ಒಬ್ಬರು ಜಾಗ ಕೊಟ್ಟರು, ಇನ್ನೊಬ್ಬರು ಕಾಡಿನಿಂದ ತೊಲೆ ತಂದರು, ಹೆಂಗಸರು ಹೊಳೆಯಿಂದ ಕಲ್ಲು ಹೊತ್ತರು. ಕಲಿಸಲು ಊರಲ್ಲಿ ಅಕ್ಷರ ಬಲ್ಲವರು ಯಾರಿದ್ದಾರೆಂದು ಹುಡುಕಿದರು. ಹಲವು ಊರುಗಳಲ್ಲಿ ಸಿಕ್ಕವರು ಗೂರ್ಖಾ ಪಡೆಗಳಿಂದ ನಿವೃತ್ತರಾಗಿ ಬಂದ ಸೈನಿಕರು. ಪಲ್ಟನ್ನಿನಲ್ಲಿ ಅಕ್ಷರ ಕಲಿತು, ದೂರದ ರಣರಂಗಗಳನ್ನು ಕಂಡು ಬಂದವರು. ಓದು ಬಾರದವನಿಗೆ ಹೊರಗಿನ ಲೋಕದಲ್ಲಿ ಏನಾಗುತ್ತದೆಂದು ಅನುಭವದಿಂದ ತಿಳಿದವರು. ಅಂಥವರು ಊರ ಮಕ್ಕಳನ್ನು ಚಾವಡಿಯಲ್ಲಿ ಕೂರಿಸಿಕೊಂಡು ಪಾಠ ಶುರುಮಾಡಿದರು. ಸಂಬಳಕ್ಕೆ ಹಣ ಇಲ್ಲದ ಕಡೆ ಮನೆಮನೆಯಿಂದ ಧಾನ್ಯ ಎತ್ತಿ ಮೇಷ್ಟರಿಗೆ ಕೊಟ್ಟರು.

ಎವರೆಸ್ಟಿನ ಬುಡದ ಖುಮ್‌ಜುಂಗ್ ಊರನ್ನೇ ನೋಡಿ. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದ ಶೆರ್ಪಾ ಹಳ್ಳಿ ಅದು. ಎವರೆಸ್ಟ್ ಏರಿ ಹೆಸರು ಮಾಡಿದ ಎಡ್ಮಂಡ್ ಹಿಲರಿ, ನಿಮಗೆ ನಾನೇನು ಮಾಡಿಕೊಡಲಿ ಎಂದು ಕೇಳಿದಾಗ ಶೆರ್ಪಾಗಳು ಕೇಳಿದ್ದು ಒಂದು ಶಾಲೆ. 1961ರಲ್ಲಿ ಅಲ್ಲಿ ಶಾಲೆ ತೆರೆಯಿತು. ಅಲ್ಲಿಂದ ಓದಿ ಬಂದ ಮಕ್ಕಳು ಪೈಲಟ್ಟರಾದರು, ವೈದ್ಯರಾದರು, ಉದ್ಯಾನವನದ ಅಧಿಕಾರಿಗಳಾದರು. ಜಗತ್ತಿನ ಅತಿ ಎತ್ತರದ ಬೆಟ್ಟದ ನೆರಳಿನಲ್ಲೇ ಶಾಲೆ ನಡೆಯಬಹುದು ಎಂದಾದರೆ, ಬೆಟ್ಟದ ನೆಪ ಹೇಳುವುದಕ್ಕೆ ಇನ್ನು ಎಲ್ಲಿ ಎಡೆಯಿದೆ?

ಸರ್ಕಾರವೂ ಸುಮ್ಮನಿರಲಿಲ್ಲ. 1954ರಲ್ಲಿ ರುದ್ರರಾಜ ಪಾಂಡೆ ಅವರ ನಾಯಕತ್ವದಲ್ಲಿ ರಾಷ್ಟ್ರೀಯ ಶಿಕ್ಷಣ ಯೋಜನಾ ಆಯೋಗ ರಚನೆಯಾಯಿತು. ಅಮೆರಿಕದ ಪ್ರಾಧ್ಯಾಪಕ ಹ್ಯೂ ವುಡ್ ಅದಕ್ಕೆ ಸಲಹೆಗಾರರು. ಎಲ್ಲರಿಗೂ ಪ್ರಾಥಮಿಕ ಶಿಕ್ಷಣ, ಶಿಕ್ಷಕರಿಗೆ ತರಬೇತಿ, ದೇಶಕ್ಕೊಂದು ಸ್ವಂತ ವಿಶ್ವವಿದ್ಯಾಲಯ ಎಂದು ಆಯೋಗ ಹೇಳಿತು. 1959ರಲ್ಲಿ ತ್ರಿಭುವನ ವಿಶ್ವವಿದ್ಯಾಲಯ ಹುಟ್ಟಿತು. ಕಾಠ್ಮಂಡು ಕಣಿವೆಯ ಕೀರ್ತಿಪುರದಲ್ಲಿ ಅದರ ಕೇಂದ್ರ. ಪರೀಕ್ಷೆಗಾಗಿ ಪಾಟ್ನಾದ ಕಡೆ ನೋಡುತ್ತಿದ್ದ ಕಾಲ ಮುಗಿಯಿತು.

1971ರಲ್ಲಿ ಬಂದದ್ದು ರಾಷ್ಟ್ರೀಯ ಶಿಕ್ಷಣ ಪದ್ಧತಿ ಯೋಜನೆ. ಆಗ ಪಕ್ಷಗಳಿಲ್ಲದ ಪಂಚಾಯತ್ ಆಡಳಿತ. ಅರಸರ ಮಾತೇ ಅಂತಿಮ. ಜನ ಕಟ್ಟಿದ ಶಾಲೆಗಳನ್ನೆಲ್ಲ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಇದರಲ್ಲಿ ಒಳ್ಳೆಯದೂ ಇತ್ತು. ಮೇಷ್ಟರಿಗೆ ತಿಂಗಳ ಸಂಬಳ ಬಂತು, ದೇಶಕ್ಕೆಲ್ಲ ಒಂದೇ ಪಠ್ಯಪುಸ್ತಕ ಬಂತು, ಕಸುಬಿನ ಶಿಕ್ಷಣಕ್ಕೆ ಜಾಗ ಸಿಕ್ಕಿತು. 1975ರಲ್ಲಿ ಮೂರನೇ ತರಗತಿಯವರೆಗೆ ಶುಲ್ಕ ತೆಗೆದರು. ಆದರೆ ಊರಿನವರ ಮನಸ್ಸಿನಲ್ಲಿ ನಮ್ಮ ಶಾಲೆ ಎಂಬುದು ಸರ್ಕಾರದ ಶಾಲೆಯಾಯಿತು. ಸೂರು ಸೋರಿದರೆ ತಾವೇ ಹತ್ತಿ ಸರಿಮಾಡುತ್ತಿದ್ದವರು ಅರ್ಜಿ ಬರೆದು ಕಾಯತೊಡಗಿದರು. ನೂರಕ್ಕೂ ಹೆಚ್ಚು ಭಾಷೆಗಳಿರುವ ದೇಶದಲ್ಲಿ ಪಾಠವೆಲ್ಲ ನೇಪಾಳಿಯಲ್ಲೇ ಎಂದದ್ದು ತಮಾಂಗ್, ಮೈಥಿಲಿ, ಥಾರೂ ಮಾತಾಡುವ ಮಕ್ಕಳನ್ನು ಮೊದಲ ದಿನವೇ ಮೂಕರನ್ನಾಗಿಸಿತು.

ಆ ಯೋಜನೆಯ ಒಂದು ಅಂಶವನ್ನು ಮಾತ್ರ ನಾನು ಮೆಚ್ಚಿಕೊಂಡು ನೆನೆಯುತ್ತೇನೆ. ಅದು ರಾಷ್ಟ್ರೀಯ ವಿಕಾಸ ಸೇವೆ. ಎಂ.ಎ. ಓದುವ ಪ್ರತಿ ವಿದ್ಯಾರ್ಥಿಯೂ ಒಂದು ವರ್ಷ ದೂರದ ಹಳ್ಳಿಯಲ್ಲಿದ್ದು ಅಲ್ಲಿಯ ಶಾಲೆಯಲ್ಲಿ ಪಾಠ ಮಾಡಬೇಕು, ಊರ ಕೆಲಸದಲ್ಲಿ ಕೈಜೋಡಿಸಬೇಕು. ಹಾಗೆ ಮಾಡಿದರೆ ಮಾತ್ರ ಪದವಿ. ಕಾಠ್ಮಂಡುವಿನಲ್ಲಿ ಹುಟ್ಟಿ ಬೆಳೆದ ಹುಡುಗ ಹುಡುಗಿಯರು ಮೊದಲ ಬಾರಿಗೆ ತಮ್ಮ ದೇಶದ ಹಸಿವನ್ನು ಕಂಡರು. ಹಳ್ಳಿಯ ಮಕ್ಕಳು ಮೊದಲ ಬಾರಿಗೆ ವಿಜ್ಞಾನ, ಗಣಿತ ಓದಿದ ಮೇಷ್ಟರನ್ನು ಕಂಡರು. ಹಳ್ಳಿಗೆ ಹೋದ ಈ ತರುಣರು ಜನಕ್ಕೆ ಅಕ್ಷರದ ಜೊತೆ ರಾಜಕೀಯವನ್ನೂ ಕಲಿಸುತ್ತಿದ್ದಾರೆ ಎಂಬ ಅನುಮಾನ ಆಳುವವರಲ್ಲಿ ಬೆಳೆಯಿತು. 1979ರಲ್ಲಿ ವಿದ್ಯಾರ್ಥಿ ಚಳವಳಿ ದೇಶವನ್ನೇ ಅಲುಗಾಡಿಸಿತು. ಅರಸರು ಜನಮತಗಣನೆ ಘೋಷಿಸಬೇಕಾಯಿತು. ಅದರ ಸುಮಾರಿನಲ್ಲೇ ವಿಕಾಸ ಸೇವೆ ನಿಂತುಹೋಯಿತು. ನಿಲ್ಲಿಸಬಾರದಿತ್ತು.

1980ರ ನಂತರ ಖಾಸಗಿ ಶಾಲೆಗಳಿಗೆ ಮತ್ತೆ ಅವಕಾಶ ಸಿಕ್ಕಿತು. ಪೇಟೆಪೇಟೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಎದ್ದವು. ಅವುಗಳನ್ನು ಜನ ಬೋರ್ಡಿಂಗ್ ಎಂದು ಕರೆಯುತ್ತಾರೆ, ಅಲ್ಲಿ ಮಕ್ಕಳು ಉಳಿದುಕೊಳ್ಳದಿದ್ದರೂ. ಸರ್ಕಾರದ ಹಣದಿಂದ ನಡೆಯುವುದಕ್ಕೆ ಸಾಮುದಾಯಿಕ ಶಾಲೆ ಎಂದು ಹೆಸರು. ಶಕ್ತಿ ಇದ್ದವರು ಮಕ್ಕಳನ್ನು ಬೋರ್ಡಿಂಗಿಗೆ ಹಾಕಿದರು. ಸಾಮುದಾಯಿಕ ಶಾಲೆಯ ಮೇಷ್ಟರೇ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಇದರ ನೋವು ಎಲ್ಲಿ ಕಾಣುತ್ತದೆಂದರೆ, ಒಂದೇ ಮನೆಯೊಳಗೆ. ಫೀಸು ಕಟ್ಟಲು ಒಬ್ಬರಿಗೆ ಆಗುವಷ್ಟೇ ಹಣವಿದ್ದರೆ ಮಗ ಟೈ ಕಟ್ಟಿಕೊಂಡು ಬೋರ್ಡಿಂಗಿಗೆ ಹೋಗುತ್ತಾನೆ, ಮಗಳು ಸಾಮುದಾಯಿಕ ಶಾಲೆಗೆ ಹೋಗುತ್ತಾಳೆ. ಸಾಮುದಾಯಿಕ ಶಾಲೆಗಳಲ್ಲಿ ಹುಡುಗಿಯರ ಪಾಲು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಅಣ್ಣ ತಂಗಿಯರ ನಡುವೆಯೇ ಎರಡು ದೇಶ ಹುಟ್ಟಿಕೊಳ್ಳುತ್ತದೆ. ನಮ್ಮ ಕೇಳುಗರಿಗೂ ಇದು ಅಪರಿಚಿತವಾದ ಸಂಗತಿಯೇನಲ್ಲ.

ಇನ್ನು ಎರಡು ದೊಡ್ಡ ಪೆಟ್ಟುಗಳ ಮಾತು. 1996ರಿಂದ 2006ರವರೆಗೆ ಮಾವೋವಾದಿಗಳಿಗೂ ಸರ್ಕಾರಕ್ಕೂ ನಡೆದ ಯುದ್ಧದಲ್ಲಿ ಶಾಲೆಗಳು ಎರಡೂ ಕಡೆಯ ನಡುವೆ ಸಿಕ್ಕಿಕೊಂಡವು. ಶಾಲೆಯ ಅಂಗಳದಲ್ಲಿ ಪಡೆಗಳು ಬೀಡುಬಿಟ್ಟವು. ಮಕ್ಕಳನ್ನು ತರಗತಿಯಿಂದಲೇ ಸಾಲಾಗಿ ಎಬ್ಬಿಸಿಕೊಂಡು ಹೋದರು. ಶಿಕ್ಷಕರನ್ನು ಒಂದು ಕಡೆಯವರು ಮಾಹಿತಿದಾರರೆಂದು, ಇನ್ನೊಂದು ಕಡೆಯವರು ಬಂಡಾಯಗಾರರೆಂದು ಕೊಂದರು. ಆ ನೆನಪು ಹಸಿಯಾಗಿರುವಾಗಲೇ, 2011ರಲ್ಲಿ, ಶಾಲೆಗಳನ್ನು ಶಾಂತಿವಲಯಗಳೆಂದು ನೇಪಾಳ ಘೋಷಿಸಿತು.

2015ರ ಏಪ್ರಿಲ್ 25ರ ಭೂಕಂಪ ಎರಡನೆಯ ಪೆಟ್ಟು. ಅವತ್ತು ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರ. ಮಟಮಟ ಮಧ್ಯಾಹ್ನ ನೆಲ ನಡುಗಿದಾಗ ತರಗತಿಗಳು ಖಾಲಿ ಇದ್ದವು. ಸಾವಿರಾರು ಶಾಲಾ ಕೊಠಡಿಗಳು ಕುಸಿದವು. ಅದೇ ಶುಕ್ರವಾರವಾಗಿದ್ದರೆ ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಐದು ವಾರದ ಬಳಿಕ, ಮೇ 31ರಂದು, ಶಾಲೆಗಳು ಮತ್ತೆ ತೆರೆದವು. ಬಿದಿರು ಕಟ್ಟಿ, ತಗಡು, ಟಾರ್ಪಾಲು ಹೊದಿಸಿದ ಗುಡಿಸಲುಗಳಲ್ಲಿ ಮಕ್ಕಳು ಕೂತರು. ಎಷ್ಟೋ ಮಕ್ಕಳು ಮನೆಯವರನ್ನು ಕಳಕೊಂಡಿದ್ದರು. ಮೊದಲ ದಿನಗಳಲ್ಲಿ ಪಾಠ ಬೇಡ, ಹಾಡಲಿ, ಆಡಲಿ, ಚಿತ್ರ ಬರೆಯಲಿ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಸೂರಿಲ್ಲದ ಮೇಲೂ ಶಾಲೆ ಇರುತ್ತದೆ, ಮಕ್ಕಳೂ ಕಲಿಸುವವರೂ ಒಂದೆಡೆ ಸೇರಿದರೆ ಸಾಕು ಎಂದು ಆ ಬೇಸಿಗೆ ತೋರಿಸಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬಂತು. ಅದರ 31ನೇ ವಿಧಿ ಶಿಕ್ಷಣವನ್ನು ಮೂಲಭೂತ ಹಕ್ಕು ಎನ್ನುತ್ತದೆ. ಮೂಲಭೂತ ಶಿಕ್ಷಣ ಉಚಿತ ಮತ್ತು ಕಡ್ಡಾಯ. ಮಾಧ್ಯಮಿಕ ಶಿಕ್ಷಣವೂ ಉಚಿತ. ತಾಯ್ನುಡಿಯಲ್ಲಿ ಕಲಿಯುವ ಹಕ್ಕು ಪ್ರತಿ ಸಮುದಾಯಕ್ಕೂ ಉಂಟು. ಈಗಿನ ವ್ಯವಸ್ಥೆ ಹೀಗಿದೆ. ಒಂದರಿಂದ ಎಂಟರವರೆಗೆ ಮೂಲಭೂತ ಹಂತ, ಒಂಬತ್ತರಿಂದ ಹನ್ನೆರಡರವರೆಗೆ ಮಾಧ್ಯಮಿಕ ಹಂತ. ಶಾಲಾ ವರ್ಷ ವೈಶಾಖದಲ್ಲಿ, ಅಂದರೆ ನಮ್ಮ ಏಪ್ರಿಲ್ ನಡುವಿಗೆ ಆರಂಭ. ಸಾಮುದಾಯಿಕ ಶಾಲೆಯಲ್ಲಿ ಪುಸ್ತಕ ಉಚಿತ. ಐದನೇ ತರಗತಿಯವರೆಗೆ ಮಧ್ಯಾಹ್ನದ ತಿಂಡಿಯಿದೆ. ಹತ್ತನೇ ತರಗತಿಯ ಪರೀಕ್ಷೆಗೆ ಹಿಂದೆ ಎಸ್ಎಲ್‌ಸಿ ಎಂದು ಹೆಸರಿತ್ತು. ಅದನ್ನು ಜನ ಕಬ್ಬಿಣದ ಬಾಗಿಲು ಎನ್ನುತ್ತಿದ್ದರು. ಆ ಬಾಗಿಲಿಗೆ ತಲೆ ಬಡಿದುಕೊಂಡು ವಾಪಸಾದ ಬಡಮಕ್ಕಳಿಗೆ ಲೆಕ್ಕವಿಲ್ಲ. 2016ರಿಂದ ಅಂಕಗಳ ಬದಲು ಶ್ರೇಣಿ ಕೊಡತೊಡಗಿದರು. ಶ್ರೇಣಿ ಬಂದ ಮಾತ್ರಕ್ಕೆ ಗಣಿತ, ವಿಜ್ಞಾನ ಕಲಿಸುವ ಮೇಷ್ಟರು ಬರಲಿಲ್ಲ. 2024ರಲ್ಲಿ ನಿಯಮ ಬಿಗಿಮಾಡಿದಾಗ ಅರ್ಧದಷ್ಟು ಮಕ್ಕಳೂ ಪೂರ್ತಿ ತೇರ್ಗಡೆಯಾಗಲಿಲ್ಲ. ಸೋತದ್ದು ಮಕ್ಕಳೋ, ಹತ್ತು ವರ್ಷ ಅವರಿಗೆ ತಕ್ಕ ಶಿಕ್ಷಕರನ್ನು ಕೊಡದವರೋ?

ಸಂವಿಧಾನ ಶಾಲೆಯ ಅಧಿಕಾರವನ್ನು ಕಾಠ್ಮಂಡುವಿನಿಂದ ಬಿಡಿಸಿ 753 ಸ್ಥಳೀಯ ಸರ್ಕಾರಗಳಿಗೆ ಕೊಟ್ಟಿದೆ. 1971ರಲ್ಲಿ ಊರಿನವರ ಕೈಯಿಂದ ಜಾರಿದ ಶಾಲೆ ಮತ್ತೆ ಊರ ಹತ್ತಿರಕ್ಕೆ ಬರುವ ದಾರಿ ಇದು. ಆದರೆ ದಾರಿ ಸುಗಮವಾಗಿಲ್ಲ. ಸ್ಥಳೀಯ ಆಡಳಿತದ ಕೈಕೆಳಗೆ ಹೋದರೆ ತಮ್ಮ ನೇಮಕ, ವರ್ಗಾವಣೆಯೆಲ್ಲ ಊರ ರಾಜಕಾರಣಿಯ ಮರ್ಜಿಗೆ ಬೀಳುತ್ತದೆ ಎಂದು ಶಿಕ್ಷಕರು ಹೆದರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಕಡೆಯಿಂದ ಶಿಕ್ಷಕರು ಕಾಠ್ಮಂಡುವಿಗೆ ಬಂದು ಬೀದಿಯಲ್ಲಿ ಕೂತರು. ಅವರ ಅಂಜಿಕೆಯಲ್ಲಿ ಹುರುಳಿಲ್ಲ ಎನ್ನಲಾಗದು. ವರ್ಷಗಟ್ಟಲೆ ತಾತ್ಕಾಲಿಕ ಹುದ್ದೆಯಲ್ಲಿ, ಅರೆಸಂಬಳದಲ್ಲಿ ದುಡಿಯುವವರು ಅವರಲ್ಲಿದ್ದಾರೆ. ಅದೇ ಹೊತ್ತಿಗೆ ಹಳ್ಳಿಯಲ್ಲಿ ಬೀಗ ಬಿದ್ದ ಶಾಲೆಯ ಮುಂದೆ ನಿಂತ ಮಗುವನ್ನೂ ಮರೆಯಲಾಗದು.

ಈಗ ಒಂದು ಲೆಕ್ಕ ಹೇಳುತ್ತೇನೆ, ದಯವಿಟ್ಟು ಗಮನಿಸಿ. 2021ರ ಜನಗಣತಿಯಂತೆ ನೇಪಾಳದಲ್ಲಿ ನೂರಕ್ಕೆ 76 ಜನ ಸಾಕ್ಷರರು. ಎಪ್ಪತ್ತು ವರ್ಷದಲ್ಲಿ ಐದರಿಂದ 76. ಇದು ದೊಡ್ಡ ಸಾಧನೆ. ಏಳು ಪ್ರಾಂತಗಳಲ್ಲಿ ಅತಿ ಕಡಿಮೆ ಸಾಕ್ಷರತೆ ಎಲ್ಲಿದೆ? ರಸ್ತೆ ಕಡಿಮೆಯಿರುವ ಬೆಟ್ಟನಾಡಾದ ಕರ್ಣಾಲಿಯಲ್ಲಿ ಇರಬೇಕು ಎಂದು ಊಹಿಸುತ್ತೀರಿ. ಅಲ್ಲ. ಇರುವುದು ಮಧೇಶ ಪ್ರಾಂತದಲ್ಲಿ, ನೂರಕ್ಕೆ 63ರಷ್ಟು. ಮಧೇಶ ಇರುವುದು ತರಾಯಿಯ ಸಮತಟ್ಟು ಬಯಲಿನಲ್ಲಿ. ಗದ್ದೆ, ರಸ್ತೆ, ಬಸ್ಸು, ಎಲ್ಲವೂ ಇವೆ. ಸೈಕಲ್ಲಿನಲ್ಲಿ ಶಾಲೆಗೆ ಹೋಗಬಹುದು. ಆದರೆ ಅಲ್ಲಿ ಜಮೀನು ಕೆಲವರ ಕೈಲಿದೆ; ದಲಿತರೂ ಬಡ ಮುಸ್ಲಿಮರೂ ಕೂಲಿಗೆ ದುಡಿಯುತ್ತಾರೆ; ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮದುವೆ ಮಾಡುತ್ತಾರೆ, ಓದಿದರೆ ವರದಕ್ಷಿಣೆ ಹೆಚ್ಚು ಕೊಡಬೇಕಾದೀತೆಂದು ಅಂಜುತ್ತಾರೆ; ಮನೆಯಲ್ಲಿ ಮೈಥಿಲಿ, ಭೋಜಪುರಿ, ಶಾಲೆಯಲ್ಲಿ ನೇಪಾಳಿ; ಒಬ್ಬ ಶಿಕ್ಷಕರಿಗೆ ಮಕ್ಕಳ ದೊಡ್ಡ ಹಿಂಡು. ಬೆಟ್ಟವೇ ಇಲ್ಲದ ಕಡೆ ವಿದ್ಯೆ ಅತ್ಯಂತ ಹಿಂದಿದೆ. ನಾನು ಮೊದಲಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಟ್ಟದ ಕಡೆಯೂ ಹಾಗೆಯೇ. ಪಠ್ಯಪುಸ್ತಕಗಳು ಭಕ್ತಪುರದ ಸಾನೋಠಿಮಿಯ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾಗುತ್ತವೆ. ದೂರದ ಜಿಲ್ಲೆಗಳಿಗೆ ಅವು ತಡವಾಗಿ ತಲುಪಿದವು ಎಂಬ ಸುದ್ದಿ ವರ್ಷ ವರ್ಷವೂ ಪತ್ರಿಕೆಯಲ್ಲಿ ಬರುತ್ತದೆ. ಅದೇ ಜಿಲ್ಲೆಯ ಅಂಗಡಿಗಳಲ್ಲಿ ನೂಡಲ್ಸ್ ಪೊಟ್ಟಣ ವರ್ಷವಿಡೀ ಸಿಗುತ್ತದೆ. ವ್ಯಾಪಾರಿಯ ಹೇಸರಗತ್ತೆ ಏರುವ ದಾರಿಯಲ್ಲೇ ಪುಸ್ತಕವೂ ಏರಬಲ್ಲದು, ಕಳಿಸುವವರಿಗೆ ಅಷ್ಟೇ ಅವಸರವಿದ್ದರೆ. ಪಶ್ಚಿಮದ ಜಿಲ್ಲೆಗಳಲ್ಲಿ ಮುಟ್ಟಾದ ಹುಡುಗಿಯನ್ನು ಗುಡಿಸಲಿನಲ್ಲಿ ದೂರ ಇಡುವ ಛಾವುಪಡಿ ಎಂಬ ರೂಢಿಯಿದೆ. ಆ ದಿನಗಳಲ್ಲಿ ಶಾಲೆ ತಪ್ಪುತ್ತದೆ. ಗುಡಿಸಲಿನಲ್ಲಿ ಹೊಗೆ ಕಟ್ಟಿ, ಹಾವು ಕಚ್ಚಿ ಹುಡುಗಿಯರು ಸತ್ತದ್ದೂ ಉಂಟು. 2018ರಿಂದ ಅದು ಕಾನೂನಿನ ಪ್ರಕಾರ ಅಪರಾಧ. ಆಮೇಲೆ ಸಾಮುದಾಯಿಕ ಶಾಲೆಗಳಲ್ಲಿ ಪ್ಯಾಡುಗಳನ್ನು ಉಚಿತವಾಗಿ ಹಂಚುವ ಏರ್ಪಾಡೂ ಆಯಿತು. ಇಂಥ ಸಣ್ಣ ವಸ್ತು, ಒಂದು ಬಾಗಿಲಿರುವ ಶೌಚಾಲಯ, ಒಬ್ಬ ಶಿಕ್ಷಕಿ, ಇವು ಹುಡುಗಿಯನ್ನು ಶಾಲೆಯಲ್ಲಿ ಉಳಿಸುತ್ತವೆ.

ವಿಶ್ವವಿದ್ಯಾಲಯಗಳಿಗೆ ಬರೋಣ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಧುನಿಕ ವಿದ್ಯೆಗೆ ತ್ರಿಭುವನ ಒಂದೇ ಗತಿಯಾಗಿತ್ತು. 1991ರಲ್ಲಿ ಧುಲಿಖೇಲ್‌ನ ಗುಡ್ಡದ ಮೇಲೆ ಕಾಠ್ಮಂಡು ವಿಶ್ವವಿದ್ಯಾಲಯ ಶುರುವಾಯಿತು. ಅದರ ಮಾನ್ಯತೆಯಲ್ಲಿ ನಮ್ಮ ಮಣಿಪಾಲದವರು 1994ರಲ್ಲಿ ಪೋಖರಾದಲ್ಲಿ ವೈದ್ಯಕೀಯ ಕಾಲೇಜು ತೆರೆದರು. ನೇಪಾಳದಲ್ಲಿ ಖಾಸಗಿ ವೈದ್ಯಕೀಯ ಶಿಕ್ಷಣದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಮುಂದೆ ವೈದ್ಯಕೀಯ ಸೀಟು ದುಡ್ಡಿನ ವ್ಯವಹಾರವಾಯಿತೆಂಬ ಕೂಗು ದೇಶದಲ್ಲಿ ಎದ್ದಿತು. 2012ರಿಂದ ಡಾಕ್ಟರ್ ಗೋವಿಂದ ಕೆ.ಸಿ. ಎಂಬ ಮೂಳೆವೈದ್ಯರು ಮತ್ತೆ ಮತ್ತೆ ಉಪವಾಸ ಕೂತರು. ಕಾಲೇಜುಗಳು ಕಾಠ್ಮಂಡುವಿನಲ್ಲೇ ಗುಂಪುಗೂಡುವುದು ಬೇಡ, ದೂರದ ಜಿಲ್ಲೆಗಳಲ್ಲಿ ತೆರೆಯಿರಿ, ಬಡವರ ಮಕ್ಕಳಿಗೆ ಸೀಟು ಕೊಡಿ ಎಂಬುದು ಅವರ ಬೇಡಿಕೆ. ಅದರ ಫಲವಾಗಿ 2019ರಲ್ಲಿ ವೈದ್ಯಕೀಯ ಶಿಕ್ಷಣ ಕಾಯಿದೆ ಬಂತು. 2011ರಲ್ಲೇ ಸ್ಥಾಪನೆಯಾಗಿದ್ದ ಜುಮ್ಲಾದ ಕರ್ಣಾಲಿ ಆರೋಗ್ಯ ವಿಜ್ಞಾನ ಪ್ರತಿಷ್ಠಾನದ ಬೇರು ಗಟ್ಟಿಯಾಗುವುದಕ್ಕೂ ಆ ಒತ್ತಾಯ ನೆರವಾಯಿತು. ಹಿಂದೆ ಜ್ವರಕ್ಕೂ ವೈದ್ಯರಿಲ್ಲದಿದ್ದ ಜುಮ್ಲಾದಲ್ಲಿ ಇವತ್ತು ವೈದ್ಯರೇ ತಯಾರಾಗುತ್ತಿದ್ದಾರೆ. ಇದು ಸಾಧ್ಯವೆಂದು ಮೂವತ್ತು ವರ್ಷದ ಹಿಂದೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಇಷ್ಟಾದರೂ ಕಾಲೇಜು ಓದುವವರಲ್ಲಿ ಬಹುಪಾಲು ಇಂದಿಗೂ ತ್ರಿಭುವನದ ಆಶ್ರಯದಲ್ಲೇ ಇದ್ದಾರೆ. ಕುಲಪತಿ ದೇಶದ ಪ್ರಧಾನಮಂತ್ರಿ. ಉಪಕುಲಪತಿಯಿಂದ ಹಿಡಿದು ಕ್ಯಾಂಪಸ್ ಮುಖ್ಯಸ್ಥರವರೆಗೆ ಹುದ್ದೆಗಳು ಪಕ್ಷಗಳ ಪಾಲುಪಟ್ಟಿಯಂತೆ ಹಂಚಿಹೋಗುತ್ತವೆ ಎಂಬ ದೂರು ಬಹಳ ಹಳೆಯದು. ಪಾಲು ಸಿಗದವರ ವಿದ್ಯಾರ್ಥಿ ಸಂಘ ಕಚೇರಿಗೆ ಬೀಗ ಹಾಕುತ್ತದೆ. ಪರೀಕ್ಷೆ ತಡ, ಫಲಿತಾಂಶ ಇನ್ನೂ ತಡ. ನಾಲ್ಕು ವರ್ಷದ ಓದು ಐದು ಆರು ವರ್ಷ ಎಳೆಯುತ್ತದೆ. ಪದವಿ ಹಿಡಿದು ಬಂದರೆ ಕೆಲಸವಿಲ್ಲ. ಹೀಗಾಗಿ ಹನ್ನೆರಡನೇ ತರಗತಿ ಮುಗಿಸಿದವರು ನೇರವಾಗಿ ಪರದೇಶದ ಕಡೆ ನೋಡುತ್ತಾರೆ. 2022-23ನೇ ಸಾಲಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲು ಸರ್ಕಾರದಿಂದ ಆಕ್ಷೇಪವಿಲ್ಲವೆಂಬ ಪತ್ರ ಪಡೆದರು. ಜಪಾನು, ಆಸ್ಟ್ರೇಲಿಯಾ, ಕೆನಡಾ. ನಮ್ಮ ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲೂ ನೇಪಾಳದ ಮಕ್ಕಳಿದ್ದಾರೆ. ಗಡಿ ದಾಟಿ ಭಾರತಕ್ಕೆ ಬರಲು ವೀಸಾ ಬೇಡವಾದ್ದರಿಂದ ಇಲ್ಲಿಗೆ ಬರುವ ಎಲ್ಲರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹೊರಗೆ ಹೋಗುವುದೇ ತಪ್ಪೆಂದು ನಾನು ಹೇಳಲಾರೆ. ಹೋಗಿ ಮರಳಿದವರಲ್ಲಿ ಮಹಾಬೀರ್ ಪುನ್ ಇದ್ದಾರೆ. ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಗುಡ್ಡದೂರಿನವರು. ಅಮೆರಿಕದಲ್ಲಿ ಓದಿ ಊರಿಗೆ ಬಂದು, ಅಲ್ಲಿಯ ಹಿಮಾಂಚಲ ಶಾಲೆಯನ್ನು ಊರಿನವರ ಜೊತೆ ಸೇರಿ ಬೆಳೆಸಿದರು. ಹಳೆಯ ಬಿಡಿಭಾಗಗಳಿಂದ ಕಂಪ್ಯೂಟರು ಜೋಡಿಸಿದರು. ಮರದ ತುದಿಗೆ ಆಂಟೆನಾ ಕಟ್ಟಿ, ಬೆಟ್ಟದಿಂದ ಬೆಟ್ಟಕ್ಕೆ ತಂತಿಯಿಲ್ಲದೆ ಇಂಟರ್ನೆಟ್ ಹಾಯಿಸಿದರು. ಬೆಟ್ಟ ಎತ್ತರವಾಗಿದ್ದರಿಂದಲೇ ಆ ಸಂಕೇತ ದೂರ ತಲುಪಿತು. 2007ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. 2025ರ ಸೆಪ್ಟೆಂಬರಿನಲ್ಲಿ, ಶಾಲಾ ಸಮವಸ್ತ್ರ ತೊಟ್ಟೇ ಬೀದಿಗಿಳಿದ ತರುಣರ ಮೇಲೆ ಗುಂಡು ಹಾರಿ ಸರ್ಕಾರ ಉರುಳಿದ ಮೇಲೆ ಬಂದ ಹಂಗಾಮಿ ಸಂಪುಟದಲ್ಲಿ ಶಿಕ್ಷಣ ಖಾತೆ ಅವರಿಗೇ ಸಿಕ್ಕಿತು. ಆ ತರುಣರ ಸಿಟ್ಟಿನ ಹಿಂದೆ ಭ್ರಷ್ಟಾಚಾರದ ಜೊತೆಗೆ, ಓದಿಯೂ ಊರಲ್ಲಿ ನೆಲೆಯಿಲ್ಲ ಎಂಬ ಸಂಕಟವಿತ್ತು.

ಶ್ರೋತೃಗಳೇ, ನೇಪಾಳದಲ್ಲಿ ಆಗಬೇಕಾದದ್ದು ಏನೆಂದು ಅಲ್ಲಿಯ ಜನಕ್ಕೆ ಗೊತ್ತಿದೆ. ಸರ್ಕಾರದ ಬಜೆಟ್ಟಿನಲ್ಲಿ ಶಿಕ್ಷಣದ ಪಾಲು ಈಚಿನ ವರ್ಷಗಳಲ್ಲಿ ನೂರಕ್ಕೆ 11ರ ಆಸುಪಾಸಿನಲ್ಲಿದೆ, ಅದು ಏರಬೇಕು. ಮೊದಲ ಮೂರು ವರ್ಷವಾದರೂ ಮಗು ಮನೆಯ ಮಾತಿನಲ್ಲಿ ಕಲಿಯಬೇಕು. ಮಧೇಶಕ್ಕೆ ಶಿಕ್ಷಕರು ಬೇಕು, ಕರ್ಣಾಲಿಗೆ ಪುಸ್ತಕ ಹೊತ್ತಿಗೆ ಸರಿಯಾಗಿ ತಲುಪಬೇಕು. ವಿಶ್ವವಿದ್ಯಾಲಯದಿಂದ ಪಕ್ಷಗಳು ಹೊರಗೆ ಬರಬೇಕು. ವಿಕಾಸ ಸೇವೆಯಂಥ ಒಂದು ಏರ್ಪಾಡು ಮತ್ತೆ ಬಂದರೆ ಓದಿದವರಿಗೂ ಹಳ್ಳಿಗೂ ನಂಟು ಬೆಳೆದೀತು. ಇವುಗಳಲ್ಲಿ ಒಂದಕ್ಕೂ ಬೆಟ್ಟ ಅಡ್ಡ ಬರುವುದಿಲ್ಲ. ಎಲ್ಲವೂ ಮನುಷ್ಯರು ಕೂತು ತೀರ್ಮಾನ ಮಾಡಿದರೆ ಆಗುವಂಥವು.

ಭೂಗೋಳವನ್ನು ಬೈಯುವುದು ಸುಲಭ, ಏಕೆಂದರೆ ಅದರಿಂದ ಯಾರ ಮೇಲೂ ಹೊಣೆ ಬೀಳುವುದಿಲ್ಲ. ಎಪ್ಪತ್ತು ವರ್ಷದ ಹಿಂದೆ ಕಲ್ಲು ಹೊತ್ತು ಶಾಲೆ ಕಟ್ಟಿದ ನೇಪಾಳದ ಹಳ್ಳಿಗರು ಹಾಗೆ ಬೈಯುತ್ತ ಕೂರಲಿಲ್ಲ. ತಮ್ಮ ಪಾಲಿನ ಕೆಲಸ ಅವರು ಮಾಡಿದರು; ಅವರ ಮೊಮ್ಮಕ್ಕಳು ಪ್ರತಿ ಬೆಳಿಗ್ಗೆ ಗುಡ್ಡ ಹತ್ತಿ ತಮ್ಮ ಪಾಲಿನದನ್ನು ಮಾಡುತ್ತಿದ್ದಾರೆ. ಉಳಿದ ಪಾಲು ಆಳುವವರದು. ಕಾಡಂಚಿನ, ಗುಡ್ಡದ ಮೇಲಿನ, ನಾಲ್ಕೇ ಮಕ್ಕಳಿರುವ ಯಾವುದೇ ಊರಿನ ಶಾಲೆಯ ಬಗ್ಗೆ, ಅದು ಯಾವ ದೇಶದ್ದೇ ಆಗಿರಲಿ, ಜಾಗ ದುರ್ಗಮ ಎಂಬ ಉತ್ತರ ಬಂದಾಗ ನಾವು ಅದನ್ನು ಅಷ್ಟು ಬೇಗ ಒಪ್ಪಿಕೊಳ್ಳಬಾರದು. ಅಲ್ಲಿಗೆ ಏನು ಕಳಿಸಿದಿರಿ, ಯಾರನ್ನು ಕಳಿಸಿದಿರಿ ಎಂದು ಕೇಳಬೇಕು.